ರೇಸ್ ಬಿಟ್ಟ ಕುದುರೆಯ ಬೆನ್ನು, ಕೀಲು ಮತ್ತು ಸ್ನಾಯುಗಳ ಆರೈಕೆ: ಹಂತ ಹಂತದ ಮಾರ್ಗದರ್ಶಿ

ಬೆಂಗಳೂರು ಮತ್ತು ಮೈಸೂರಿನ ರೇಸ್ ಕೋರ್ಸುಗಳಲ್ಲಿ ಓಡುವ ಥರೋಬ್ರೆಡ್ ಕುದುರೆಯ ಓಟದ ಬದುಕು ಬಹಳ ಚಿಕ್ಕದು. ಎರಡು ವರ್ಷ ತುಂಬುವ ಹೊತ್ತಿಗೆ ಅದರ ತರಬೇತಿ ಶುರುವಾಗಿರುತ್ತದೆ. ಎಂಟು ವರ್ಷ ದಾಟುವ ಮೊದಲೇ ಹೆಚ್ಚಿನವು ಓಟದಿಂದ ಹೊರಬಿದ್ದಿರುತ್ತವೆ. ಆದರೆ ಚೆನ್ನಾಗಿ ಸಾಕಿದ ಕುದುರೆ ಇಪ್ಪತ್ತೈದು ವರ್ಷ ಬದುಕುತ್ತದೆ. ಉಳಿದ ಆ ದೀರ್ಘ ಕಾಲವನ್ನು ಅದು ಸವಾರಿ ಶಾಲೆಗಳಲ್ಲೋ, ನಗರದ ಹೊರವಲಯದ ತೋಟಗಳಲ್ಲೋ ಕಳೆಯುತ್ತದೆ. ಅಲ್ಲಿಗೆ ಬಂದ ಕೆಲವೇ ತಿಂಗಳುಗಳಲ್ಲಿ ಅದರ ಬಗ್ಗೆ ದೂರುಗಳು ಕೇಳಿಬರತೊಡಗುತ್ತವೆ: ಜೀನು ಕಟ್ಟುವಾಗ ಕಚ್ಚಲು ಬರುತ್ತದೆ, ಒಂದು ಕಡೆಗೆ ತಿರುಗಲು ಒಪ್ಪುವುದಿಲ್ಲ, ಸವಾರ ಕುಳಿತ ಕೂಡಲೇ ಬೆನ್ನು ತಗ್ಗಿಸಿ ತಲೆ ಎತ್ತುತ್ತದೆ. ಇದನ್ನು ಮೊಂಡುತನವೆಂದು ಕರೆದು ಚಾಟಿ ಹಿಡಿಯುವವರು ಇಂದಿಗೂ ಇದ್ದಾರೆ. ಇಂತಹ ನಡತೆಯ ಹಿಂದೆ ಬಹಳ ಸಲ ನೋವು ಇರುತ್ತದೆ, ಮತ್ತು ಆ ನೋವನ್ನು ಹುಡುಕುವ ಮೊದಲ ಜವಾಬ್ದಾರಿ ದಿನವೂ ಕುದುರೆಯ ಮೈ ಮುಟ್ಟುವವರದು.

ಕೈಯಿಂದಲೇ ಕೀಲು ಮತ್ತು ಸ್ನಾಯುಗಳ ಬಿಗಿತವನ್ನು ಸಡಿಲಿಸುವ ಆಸ್ಟಿಯೋಪಥಿ ಚಿಕಿತ್ಸೆಯ ಹೆಸರು ಈಗ ನಮ್ಮ ಲಾಯಗಳಲ್ಲೂ ಕೇಳಿಬರುತ್ತಿದೆ. ಈ ಚಿಕಿತ್ಸೆಗೆ ಅದರದೇ ಆದ ಜಾಗವಿದೆ ಎಂದು ನಾನು ನಂಬುತ್ತೇನೆ. ಆದರೆ ಆ ಜಾಗ ಪಶುವೈದ್ಯರ ಪರೀಕ್ಷೆಯ ನಂತರದ್ದು. ಜೊತೆಗೆ ಗೊರಸು, ಜೀನು, ಹಲ್ಲು ಮತ್ತು ಮೇವನ್ನು ಸರಿಪಡಿಸದೆ ಮಾಡಿಸಿದ ಯಾವ ಕೈಚಿಕಿತ್ಸೆಯೂ ನಿಲ್ಲುವುದಿಲ್ಲ. ಈ ಮಾರ್ಗದರ್ಶಿಯನ್ನು ಅದೇ ಕ್ರಮದಲ್ಲಿ ಬರೆಯಲಾಗಿದೆ.

ಮೊದಲು ತಿಳಿಯಬೇಕಾದ ದೇಹರಚನೆ

ಕುದುರೆಯ ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 18, ಸೊಂಟದಲ್ಲಿ ಸಾಮಾನ್ಯವಾಗಿ 6 ಕಶೇರುಕಗಳು, ಅಂದರೆ ಬೆನ್ನೆಲುಬಿನ ಬಿಡಿ ಮೂಳೆಗಳು ಇದ್ದು, ಅವುಗಳ ಹಿಂದೆ ಒಂದಾಗಿ ಬೆಸೆದುಕೊಂಡ 5 ತ್ರಿಕಾಸ್ಥಿಯ ಕಶೇರುಕಗಳಿವೆ. ಪ್ರತಿ ಕಶೇರುಕದಿಂದ ಮೇಲಕ್ಕೆ ಒಂದು ಮೂಳೆಯ ಚಾಚು ಹೊರಟಿರುತ್ತದೆ. ಜೀನು ಕೂರುವ ಭಾಗದಲ್ಲಿ, ಮುಖ್ಯವಾಗಿ 13ರಿಂದ 18ನೆಯ ಎದೆಯ ಕಶೇರುಕಗಳ ನಡುವೆ, ಈ ಚಾಚುಗಳು ಒಂದಕ್ಕೊಂದು ತೀರ ಹತ್ತಿರ ಬಂದು ತಿಕ್ಕಾಡುವ ಸ್ಥಿತಿಯನ್ನು ಕಿಸ್ಸಿಂಗ್ ಸ್ಪೈನ್ ಎನ್ನುತ್ತಾರೆ. ಥರೋಬ್ರೆಡ್ ತಳಿಯಲ್ಲಿ ಇದು ಹೆಚ್ಚಾಗಿ ಕಾಣಿಸುತ್ತದೆ. ಎಕ್ಸ್-ರೇಯಲ್ಲಿ ಹೀಗೆ ಕಂಡ ಎಲ್ಲ ಕುದುರೆಗಳಿಗೂ ನೋವಿರುವುದಿಲ್ಲ. ಆದ್ದರಿಂದ ಚಿತ್ರವನ್ನು ಮಾತ್ರ ನೋಡಿ ತೀರ್ಮಾನಿಸುವುದು ಸರಿಯಲ್ಲ.

ತಲೆಯ ತುದಿಯಿಂದ ಹೆಗಲಿನ ಉಬ್ಬಿನವರೆಗೆ, ಅಲ್ಲಿಂದ ಬೆನ್ನಿನುದ್ದಕ್ಕೂ ಒಂದು ಬಲವಾದ ಅಸ್ಥಿರಜ್ಜು ಸಾಗುತ್ತದೆ. ಕುದುರೆ ತಲೆ ತಗ್ಗಿಸಿ ಕುತ್ತಿಗೆ ಚಾಚಿದಾಗ ಈ ರಜ್ಜು ಎಳೆದಂತಾಗಿ ಮೂಳೆಯ ಚಾಚುಗಳು ದೂರ ಸರಿಯುತ್ತವೆ, ಬೆನ್ನು ಮೇಲೇಳುತ್ತದೆ. ತಲೆ ಎತ್ತಿದಾಗ ಬೆನ್ನು ಕುಗ್ಗಿ ಚಾಚುಗಳು ಹತ್ತಿರವಾಗುತ್ತವೆ. ಮುಂದೆ ಹೇಳುವ ಹೆಚ್ಚಿನ ವ್ಯಾಯಾಮಗಳಿಗೆ ಇದೇ ಆಧಾರ.

ಮನುಷ್ಯರಲ್ಲಿ ಭುಜವನ್ನು ಎದೆಯೆಲುಬಿಗೆ ಸೇರಿಸುವ ಕೊರಳೆಲುಬು (ಕಾಲರ್‌ಬೋನ್) ಕುದುರೆಗೆ ಇಲ್ಲ. ಅದರ ಎದೆಗೂಡು ಎರಡು ಮುಂಗಾಲುಗಳ ನಡುವೆ ಕೇವಲ ಸ್ನಾಯು ಮತ್ತು ತಂತುಗಳಿಂದ ತೂಗುಬಿದ್ದಿದೆ, ಮತ್ತು ದೇಹದ ತೂಕದ ಸುಮಾರು 60 ಶೇಕಡಾ ಭಾಗ ಮುಂಗಾಲುಗಳ ಮೇಲೆ ಬೀಳುತ್ತದೆ. ಮುಂಗಾಲಿನ ಮಂಡಿಯಿಂದ ಕೆಳಗೆ, ಹಿಂಗಾಲಿನ ನಡುವಿನಲ್ಲಿ ಹಿಂದಕ್ಕೆ ಚಾಚಿರುವ ಹಾಕ್ ಕೀಲಿನಿಂದ ಕೆಳಗೆ ಹೇಳಿಕೊಳ್ಳುವಂತಹ ಸ್ನಾಯುಗಳಿಲ್ಲ. ಅಲ್ಲಿರುವುದು ಸ್ನಾಯುರಜ್ಜು, ಅಸ್ಥಿರಜ್ಜು, ಮೂಳೆ ಮತ್ತು ಚರ್ಮ. ಈ ರಜ್ಜುಗಳಿಗೆ ರಕ್ತ ಪೂರೈಕೆ ಕಡಿಮೆಯಾದ್ದರಿಂದ ಅಲ್ಲಿ ಆದ ಗಾಯ ಮಾಯಲು ಒಂಬತ್ತರಿಂದ ಹನ್ನೆರಡು ತಿಂಗಳು ಹಿಡಿಯುವುದುಂಟು.

ರೇಸ್ ಕುದುರೆಯ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಓಟದಲ್ಲಿ ಜಾಕಿ ರಿಕಾಬಿನ ಮೇಲೆ ನಿಂತು ಮುಂದಕ್ಕೆ ಬಾಗಿರುತ್ತಾನೆ. ಜೀನು ಅತಿ ಹಗುರವಾಗಿರುತ್ತದೆ. ಸವಾರಿ ಶಾಲೆಗೆ ಬಂದ ಮೇಲೆ ಹಲವು ಕಿಲೋ ತೂಗುವ ಜೀನಿನ ಮೇಲೆ ಸವಾರ ಪೂರ್ತಿ ಭಾರ ಹಾಕಿ ಕೂರುತ್ತಾನೆ. ಆ ಬೆನ್ನಿಗೆ ಇದು ಹೊಸ ಕೆಲಸ. ಇದಕ್ಕೆ ಬೇಕಾದ ಸ್ನಾಯುಗಳು ಇನ್ನೂ ಬೆಳೆದಿರುವುದಿಲ್ಲವೆಂಬುದನ್ನು ಮರೆತೇ ಅನೇಕರು ಮೊದಲ ವಾರದಲ್ಲೇ ಸವಾರಿ ಆರಂಭಿಸುತ್ತಾರೆ.

ಹಂತ 1: ಹಿನ್ನೆಲೆ ಕೇಳಿ ಬರೆದಿಟ್ಟುಕೊಳ್ಳುವುದು

ಕುದುರೆಯನ್ನು ಪಡೆಯುವಾಗಲೇ ಅದರ ಪಾಸ್‌ಪೋರ್ಟ್ (ಗುರುತಿನ ಪುಸ್ತಿಕೆ) ಮತ್ತು ಚಿಕಿತ್ಸೆಯ ದಾಖಲೆಗಳನ್ನು ಕೇಳಿ. ಓಟ ನಿಲ್ಲಿಸಿದ್ದು ವೇಗ ಸಾಲದೆಯೋ, ಗಾಯದಿಂದಲೋ, ಯಾವ ಕಾಲಿನ ರಜ್ಜಿಗೆ ಪೆಟ್ಟಾಗಿತ್ತು, ಕೀಲಿನೊಳಗೆ ಚುಚ್ಚುಮದ್ದು ಕೊಡಲಾಗಿತ್ತೇ, ಎಂದಾದರೂ ಬಿದ್ದಿತ್ತೇ ಎಂಬುದು ತಿಳಿದಿರಬೇಕು. ಕುದುರೆಯನ್ನು ನೋಡಿಕೊಂಡ ಸೈಸ್ ಅವರನ್ನು ಗೌರವದಿಂದ ಕೂರಿಸಿ ಮಾತನಾಡಿಸಿ. ಯಾವ ಮಗ್ಗುಲಿಗೆ ಮಲಗುತ್ತಿತ್ತು, ಬೆಳಿಗ್ಗೆ ಹೊರತರುವಾಗ ಮೊದಲ ಹೆಜ್ಜೆಗಳು ಹೇಗಿರುತ್ತಿದ್ದವು ಎಂಬ ವಿವರ ಯಾವ ಕಾಗದದಲ್ಲೂ ಇರುವುದಿಲ್ಲ. ಅದು ಅವರಿಗೆ ಮಾತ್ರ ಗೊತ್ತಿರುತ್ತದೆ.

ತೂಕವನ್ನೂ ಅಳೆದಿಡಬೇಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದು ಅದನ್ನು ಅದರಿಂದಲೇ ಗುಣಿಸಿ, ಬಂದ ಮೊತ್ತವನ್ನು ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗ್ರಾಂನಲ್ಲಿ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 180, ಉದ್ದ 165 ಸೆಂಟಿಮೀಟರ್ ಇದ್ದರೆ ತೂಕ 450 ಕಿಲೋ. ತಿಂಗಳಿಗೊಮ್ಮೆ ಹೀಗೆ ಅಳೆಯಿರಿ.

ಹಂತ 2: ನಿಂತಲ್ಲೇ ನೋಡುವುದು

ಸಮತಟ್ಟಾದ ಗಟ್ಟಿ ನೆಲದ ಮೇಲೆ ಕುದುರೆಯನ್ನು ನಾಲ್ಕೂ ಕಾಲು ಚೌಕವಾಗಿ ಬರುವಂತೆ ನಿಲ್ಲಿಸಿ, ಮುಂದಿನಿಂದ, ಎರಡೂ ಮಗ್ಗುಲಿನಿಂದ ಮತ್ತು ಸುರಕ್ಷಿತ ದೂರದಲ್ಲಿ ಹಿಂದಿನಿಂದ ನೋಡಿ. ಎಡ ಬಲ ಸೊಂಟದ ಎಲುಬುಗಳು ಒಂದೇ ಎತ್ತರದಲ್ಲಿವೆಯೇ, ಪೃಷ್ಠದ ಸ್ನಾಯು ಒಂದು ಕಡೆ ಇಳಿದಿದೆಯೇ, ಹೆಗಲಿನ ಉಬ್ಬಿನ ಹಿಂದೆ ಎರಡು ಬದಿಯಲ್ಲಿ ಗುಳಿ ಬಿದ್ದಿದೆಯೇ, ಜೀನು ಕೂರುವ ಜಾಗದಲ್ಲಿ ಬಿಳಿ ಕೂದಲು ಎದ್ದಿದೆಯೇ ಎಂದು ಗಮನಿಸಿ. ಒಂದು ಹಿಂಗಾಲನ್ನು ಆಗಾಗ ಸಡಿಲ ಬಿಟ್ಟು ನಿಲ್ಲುವುದು ಸಹಜ. ಆದರೆ ಯಾವಾಗಲೂ ಒಂದೇ ಕಾಲನ್ನು ಸಡಿಲ ಬಿಟ್ಟರೆ, ಅಥವಾ ಮುಂಗಾಲೊಂದನ್ನು ಮುಂದಕ್ಕೆ ಚಾಚಿ ನಿಂತರೆ ಅದು ನೋವಿನ ಸೂಚನೆ.

ಪ್ರತಿ 15 ದಿನಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ದೂರದಿಂದ, ಅದೇ ಹೊತ್ತಿನಲ್ಲಿ ಚಿತ್ರ ತೆಗೆದಿಡಿ. ದಿನವೂ ನೋಡುವ ಕಣ್ಣಿಗೆ ನಿಧಾನವಾದ ಬದಲಾವಣೆ ಕಾಣುವುದಿಲ್ಲ.

ಹಂತ 3: ಕೈಯಿಂದ ಮುಟ್ಟಿ ಪರೀಕ್ಷಿಸುವುದು

ಇಡೀ ಆರೈಕೆಯಲ್ಲಿ ನಾನು ಅತ್ಯಂತ ಮುಖ್ಯವೆಂದು ತಿಳಿಯುವ ಹಂತ ಇದು. ಇದಕ್ಕೆ ಹಣ ಬೇಡ, ಉಪಕರಣ ಬೇಡ. ದಿನಕ್ಕೆ ಹತ್ತು ನಿಮಿಷದ ತಾಳ್ಮೆ ಮತ್ತು ಕೆಲಸಕ್ಕೆ ಮೊದಲು ತಣ್ಣಗಿರುವ ಕುದುರೆ ಸಾಕು. ಪ್ರತಿದಿನ ಅದೇ ಕ್ರಮದಲ್ಲಿ ಮಾಡಿದರೆ ನಿಮ್ಮ ಕೈಗೇ ಆ ಕುದುರೆಯ ಸಹಜ ಸ್ಥಿತಿ ತಿಳಿದಿರುತ್ತದೆ, ಮತ್ತು ಅಸಹಜವಾದದ್ದು ಕಾಣಿಸಿಕೊಂಡ ದಿನವೇ ಗೊತ್ತಾಗುತ್ತದೆ.

ಒಬ್ಬರು ಕುದುರೆಯನ್ನು ಹಿಡಿದುಕೊಳ್ಳಲಿ. ಗೋಡೆಗೆ ಬಿಗಿಯಾಗಿ ಕಟ್ಟಬೇಡಿ. ಹಿಡಿದವರು ಮತ್ತು ಪರೀಕ್ಷಿಸುವವರು ಒಂದೇ ಬದಿಯಲ್ಲಿ ನಿಲ್ಲಬೇಕು. ಮೊದಲು ಅಂಗೈಯನ್ನು ಹೆಗಲಿನ ಮೇಲೆ ಇಟ್ಟು, ಕುದುರೆ ನಿರಾಳವಾಗುವವರೆಗೆ ಕಾಯಿರಿ. ನಂತರ ಕಿವಿಗಳ ಹಿಂದಿನಿಂದ ಆರಂಭಿಸಿ ಕುತ್ತಿಗೆಯ ಮೇಲ್ಭಾಗ, ಮಧ್ಯಭಾಗ ಮತ್ತು ಕೆಳಭಾಗದಲ್ಲಿ ಅಂಗೈಯನ್ನು ನಿಧಾನವಾಗಿ ಹಿಂದಕ್ಕೆ ಸರಿಸಿ. ಭುಜದ ಮುಂದಿನ ತಗ್ಗು, ಭುಜದ ಎಲುಬಿನ ಹಿಂಬದಿ, ಜೀನಿನ ಪಟ್ಟಿ ಬರುವ ಎದೆಯ ಕೆಳಭಾಗ, ಇವು ಬಿಗಿತ ಹೆಚ್ಚಾಗಿ ಸೇರಿಕೊಳ್ಳುವ ಜಾಗಗಳು. ಅಲ್ಲಿಂದ ಬೆನ್ನೆಲುಬಿನ ಎರಡೂ ಬದಿಯಲ್ಲಿ, ಎಲುಬಿನ ಗೆರೆಯಿಂದ ನಾಲ್ಕೈದು ಬೆರಳು ದೂರದಲ್ಲಿ ಸಾಗುವ ಉದ್ದನೆಯ ಸ್ನಾಯುವಿನ ಮೇಲೆ ಬೆರಳುಗಳ ಮೆತ್ತಗಿನ ಭಾಗದಿಂದ ಸೊಂಟದವರೆಗೆ ಹೋಗಿ. ಆಮೇಲೆ ಪೃಷ್ಠ, ತೊಡೆಯ ಹಿಂಬದಿ ಮತ್ತು ಬಾಲದ ಬುಡ.

ಒತ್ತಡದ ಬಗ್ಗೆ ಎಚ್ಚರ ಬೇಕು. ಹೆಬ್ಬೆರಳಿನ ತುದಿಯಿಂದ ಜೋರಾಗಿ ಒತ್ತಿದರೆ ಆರೋಗ್ಯವಂತ ಕುದುರೆಯೂ ಬೆನ್ನು ತಗ್ಗಿಸುತ್ತದೆ. ಅದು ಸಹಜ ಪ್ರತಿಕ್ರಿಯೆ. ಆದ್ದರಿಂದ ಮೊದಲ ಸುತ್ತು ಹಗುರವಾಗಿ, ಎರಡನೆಯ ಸುತ್ತು ಸ್ವಲ್ಪ ಹೆಚ್ಚು ಭಾರದಿಂದ ಇರಲಿ. ಬೆಚ್ಚಗಿರುವ ಜಾಗ, ಹಲಗೆಯಂತೆ ಗಟ್ಟಿಯಾದ ಸ್ನಾಯು, ಒತ್ತಿದಾಗ ಚರ್ಮ ಅದುರುವುದು, ಒಂದೇ ಜಾಗದಲ್ಲಿ ಪ್ರತಿಸಲ ಸರಿದು ಹೋಗುವುದು, ಇವನ್ನು ಗುರುತಿಸಿ. ಜೊತೆಗೆ ಮುಖವನ್ನೂ ಓದಬೇಕು. ಕಿವಿ ಹಿಂದಕ್ಕೆ ಬಾಗುವುದು, ಕಣ್ಣಿನ ಮೇಲಿನ ಚರ್ಮ ಸುಕ್ಕಾಗುವುದು, ಮೂಗಿನ ಹೊಳ್ಳೆ ಬಿಗಿಯಾಗುವುದು ನೋವಿನ ಗುರುತುಗಳು. ನಾಲಿಗೆ ಆಡಿಸಿ ಬಾಯಿ ಚಪ್ಪರಿಸುವುದು, ತಲೆ ಇಳಿಬಿಡುವುದು, ನೀಳವಾಗಿ ಉಸಿರು ಬಿಡುವುದು ನೆಮ್ಮದಿಯ ಗುರುತುಗಳು.

ಕೊನೆಗೆ ಕಾಲುಗಳು. ಮಂಡಿಯಿಂದ ಕೆಳಗೆ ಹಿಂಬದಿಯ ಸ್ನಾಯುರಜ್ಜುಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೇಲಿನಿಂದ ಕೆಳಕ್ಕೆ ಸರಿಸಿ, ಕಾಲು ಊರಿದಾಗ ಒಮ್ಮೆ, ಎತ್ತಿ ಹಿಡಿದಾಗ ಇನ್ನೊಮ್ಮೆ ನೋಡಿ. ಒಂದು ಕಾಲನ್ನು ಇನ್ನೊಂದರ ಜೊತೆ ಹೋಲಿಸಿ. ಬಿಸಿ, ಊತ, ಮುಟ್ಟಿದರೆ ಎಳೆದುಕೊಳ್ಳುವುದು ಈ ಮೂರರಲ್ಲಿ ಯಾವುದು ಕಂಡರೂ ಆ ದಿನ ಕೆಲಸ ಬೇಡ. ಗೊರಸಿಗಿಂತ ಸ್ವಲ್ಪ ಮೇಲಿರುವ ಫೆಟ್‌ಲಾಕ್ ಕೀಲಿನ ಹಿಂಬದಿಯ ಎರಡೂ ಪಕ್ಕದಲ್ಲಿ ನಾಡಿ ಹಿಡಿದು ನೋಡುವುದನ್ನೂ ಕಲಿಯಿರಿ. ಆರೋಗ್ಯವಂತ ಕುದುರೆಯಲ್ಲಿ ಅದು ಬಹಳ ಮೆಲ್ಲಗೆ ಸಿಗುತ್ತದೆ. ಬಡಿಯುವಂತೆ ಸಿಕ್ಕಿ ಗೊರಸೂ ಬಿಸಿಯಾಗಿದ್ದರೆ ಗೊರಸಿನೊಳಗಿನ ಉರಿಯೂತ, ಅಂದರೆ ಲ್ಯಾಮಿನೈಟಿಸ್, ಇಲ್ಲವೇ ಗೊರಸಿನಲ್ಲಿ ಕೀವು ಕಟ್ಟಿರುವ ಸಾಧ್ಯತೆ ಇದೆ.

ಹಂತ 4: ನಡೆಸಿ ನೋಡುವುದು

ಸಡಿಲ ಹಗ್ಗದಲ್ಲಿ ನೇರವಾಗಿ ಮೂವತ್ತು ಮೀಟರಿನಷ್ಟು ದೂರ ನಡೆಸಿ, ಬಳಿಕ ಟ್ರಾಟ್, ಅಂದರೆ ನಿಧಾನ ಓಟ, ಮಾಡಿಸಿ. ಟ್ರಾಟ್ ಓಟದಲ್ಲಿ ಓರೆಯಾಗಿ ಎದುರಿರುವ ಕಾಲುಗಳು (ಎಡ ಮುಂಗಾಲು ಮತ್ತು ಬಲ ಹಿಂಗಾಲು, ಬಲ ಮುಂಗಾಲು ಮತ್ತು ಎಡ ಹಿಂಗಾಲು) ಜೋಡಿಯಾಗಿ ನೆಲಕ್ಕೆ ತಾಗುವುದರಿಂದ ಕುಂಟು ಬೇಗ ಕಾಣುತ್ತದೆ. ನೋವಿರುವ ಮುಂಗಾಲು ನೆಲಕ್ಕೆ ಬಿದ್ದಾಗ ಕುದುರೆ ತಲೆ ಎತ್ತುತ್ತದೆ, ಚೆನ್ನಾಗಿರುವ ಕಾಲು ಬಿದ್ದಾಗ ತಲೆ ತಗ್ಗಿಸುತ್ತದೆ. ಹಿಂಗಾಲಿನ ಕುಂಟಿದ್ದರೆ ನೋವಿರುವ ಬದಿಯ ಸೊಂಟ ಇನ್ನೊಂದಕ್ಕಿಂತ ಹೆಚ್ಚು ಏರಿಳಿಯುತ್ತದೆ. ನಂತರ ಎರಡೂ ಕಡೆಗೆ ಚಿಕ್ಕ ವೃತ್ತದಲ್ಲಿ ನಡೆಸಿ, ನಾಲ್ಕಾರು ಹೆಜ್ಜೆ ಹಿಂದಕ್ಕೆ ಸರಿಸಿ. ಇದನ್ನೆಲ್ಲ ಫೋನಿನಲ್ಲಿ ಚಿತ್ರಿಸಿ ನಿಧಾನಗತಿಯಲ್ಲಿ ನೋಡಿದರೆ ಹೊಸಬರಿಗೂ ಅರ್ಥವಾಗುತ್ತದೆ.

ಸವಾರಿಯ ಸಮಯದ ನಡತೆಯಿಂದ ನೋವು ಗುರುತಿಸಲು ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಅವರು ತಮ್ಮ ಸಹೋದ್ಯೋಗಿಗಳೊಂದಿಗೆ 24 ನಡತೆಗಳ ಪಟ್ಟಿಯೊಂದನ್ನು ರೂಪಿಸಿದ್ದಾರೆ. ಕಿವಿಯನ್ನು ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹಿಡಿಯುವುದು, ಬಾಯಿ ತೆರೆದೇ ಇರುವುದು, ಬಾಲ ಬೀಸುತ್ತಿರುವುದು, ತಲೆ ಓರೆ ಮಾಡುವುದು, ಪದೇ ಪದೇ ಎಡವುವುದು ಮುಂತಾದವು ಅದರಲ್ಲಿವೆ. ಎಂಟು ಅಥವಾ ಅದಕ್ಕಿಂತ ಹೆಚ್ಚು ನಡತೆಗಳು ಕಂಡರೆ ಮೂಳೆ, ಕೀಲು, ಸ್ನಾಯುಗಳ ನೋವಿರುವ ಸಾಧ್ಯತೆ ಬಲವಾಗುತ್ತದೆ. ಕಣ್ಣಿಗೆ ಕುಂಟು ಕಾಣದ ಕುದುರೆಯಲ್ಲೂ ಹೀಗಾಗಬಹುದು ಎಂಬುದೇ ಈ ಪಟ್ಟಿಯ ನಿಜವಾದ ಉಪಯೋಗ.

ಹಂತ 5: ಮೊದಲು ಪಶುವೈದ್ಯರು

ಕೆಲವು ಸ್ಥಿತಿಗಳು ಸ್ನಾಯುವಿನ ಬಿಗಿತದಂತೆ ಕಂಡರೂ ಬೇರೆಯೇ ಕಾಯಿಲೆಗಳು, ಮತ್ತು ಅವುಗಳಲ್ಲಿ ಮೈ ತಿಕ್ಕುತ್ತ ಕೂರುವುದು ಪ್ರಾಣಕ್ಕೆ ಅಪಾಯ. ಮೈಯೆಲ್ಲ ಮರದಂತೆ ಸೆಟೆದು, ಬಾಲ ಎತ್ತಿ ನಿಂತು, ಕಣ್ಣಿನ ಒಳಮೂಲೆಯ ಪೊರೆ ಹೊರಗೆ ಕಂಡರೆ ಅದು ಧನುರ್ವಾಯು. ಈ ರೋಗಕ್ಕೆ ಕುದುರೆಯಷ್ಟು ಬೇಗ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ, ಲಸಿಕೆ ತಪ್ಪಿಸಲೇಬಾರದು. ಕೆಲಸದ ನಡುವೆ ಪೃಷ್ಠದ ಸ್ನಾಯು ಕಲ್ಲಾಗಿ, ಬೆವರಿ, ಹೆಜ್ಜೆ ಇಡಲಾರದೆ ನಿಂತು, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಸ್ನಾಯುಕೋಶಗಳು ಒಡೆಯುತ್ತಿವೆ ಎಂದರ್ಥ. ಕುದುರೆಯನ್ನು ಇದ್ದಲ್ಲೇ ನಿಲ್ಲಿಸಿ ಕರೆ ಮಾಡಿ, ನಡೆಸಿಕೊಂಡು ಹೋಗಬೇಡಿ. ಹಿಂಭಾಗ ತೂರಾಡುತ್ತಿದ್ದರೆ ನರಗಳ ತೊಂದರೆ ಇರಬಹುದು. ಬಂದು ಹೋಗುವ ಜ್ವರ, ತೂಕ ಇಳಿಯುವುದು, ಕಾಲು ಮತ್ತು ಹೊಟ್ಟೆಯ ಅಡಿಯಲ್ಲಿ ಊತ ಇವುಗಳ ಜೊತೆ ಹಿಂಗಾಲು ಬಲಗುಂದಿದರೆ, ನೊಣಗಳಿಂದ ಹರಡುವ ಸರ್ರಾ ರೋಗಕ್ಕಾಗಿ ರಕ್ತ ಪರೀಕ್ಷೆ ಮಾಡಿಸಬೇಕು. ಕಾಲನ್ನು ನೆಲಕ್ಕೆ ಊರಲೇ ಆಗದಿದ್ದರೆ ಎಲುಬು ಮುರಿದಿರುವ ಸಾಧ್ಯತೆಯನ್ನು ಮೊದಲು ತಳ್ಳಿಹಾಕಬೇಕು.

ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ ಸುಮಾರು 28ರಿಂದ 44, ಉಸಿರು 8ರಿಂದ 16, ಗುದದ್ವಾರದಲ್ಲಿ ಅಳೆದ ಉಷ್ಣತೆ ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ವೈದ್ಯರಿಗೆ ಕರೆ ಮಾಡುವ ಮೊದಲು ಈ ಮೂರನ್ನೂ ನೋಡಿಟ್ಟುಕೊಂಡರೆ ಅವರಿಗೆ ತುಂಬ ಅನುಕೂಲ. ಸಾಧ್ಯವಾದರೆ ಕುದುರೆಗಳಲ್ಲಿ ಅನುಭವವಿರುವವರನ್ನೇ ಕರೆಯಿರಿ. ನೋವು ನಿವಾರಕ ಮದ್ದನ್ನು ಪರೀಕ್ಷೆಗೆ ಮೊದಲು ಸ್ವಂತ ತೀರ್ಮಾನದಿಂದ ಕೊಟ್ಟರೆ ಕುಂಟು ಮರೆಯಾಗಿ ರೋಗ ಪತ್ತೆ ಕಷ್ಟವಾಗುತ್ತದೆ, ಹೊಟ್ಟೆಯ ಹುಣ್ಣೂ ಹೆಚ್ಚುತ್ತದೆ.

ಕಾದ ಕಬ್ಬಿಣದಿಂದ ಕುಂಟುವ ಕಾಲಿಗೆ ಬರೆ ಹಾಕುವ ಪದ್ಧತಿ ಅಲ್ಲಲ್ಲಿ ಇನ್ನೂ ಉಳಿದಿದೆ. ಅದರಿಂದ ರಜ್ಜು ಬೇಗ ಮಾಯುವುದಿಲ್ಲ. ನೋವಿರುವ ಪ್ರಾಣಿಗೆ ಇನ್ನೊಂದು ನೋವು ಕೊಡುವ ಈ ಪದ್ಧತಿಯನ್ನು ಯಾರೇ ಸೂಚಿಸಿದರೂ ಒಪ್ಪಬೇಡಿ.

ಹಂತ 6: ನೋವಿನ ಮೂಲವನ್ನು ಸರಿಪಡಿಸುವುದು

ಗೊರಸಿನಿಂದ ಆರಂಭಿಸಬೇಕು. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಓಟದಿಂದ ಬಂದ ಥರೋಬ್ರೆಡ್‌ನಲ್ಲಿ ಗೊರಸಿನ ಮುಂತುದಿ ಉದ್ದವಾಗಿ, ಹಿಮ್ಮಡಿ ಕುಸಿದು, ಗೋಡೆ ತೆಳುವಾಗಿರುವುದು ಬಹಳ ಸಾಮಾನ್ಯ. ಇದರಿಂದ ಹಿಂಬದಿಯ ರಜ್ಜುಗಳ ಮೇಲೆ ಎಳೆತ ಹೆಚ್ಚುತ್ತದೆ. ಹಿಂಗಾಲಿನಲ್ಲಿ ಹೀಗಾದರೆ ಸೊಂಟದ ಸ್ನಾಯುಗಳೂ ಬಿಗಿಯುತ್ತವೆ. ಲಾಳ ಕಟ್ಟುವವರನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ ಕರೆಸಿ, ಒಂದೇ ಸಲಕ್ಕೆ ಕೋನ ಬದಲಿಸದೆ ಹಲವು ಸರದಿಗಳಲ್ಲಿ ಸರಿಪಡಿಸುವಂತೆ ಕೇಳಿಕೊಳ್ಳಿ. ಡಾಂಬರು ರಸ್ತೆಯ ಮೇಲೆ ಟಾಂಗಾ ಎಳೆಯುವ ಅಥವಾ ಮೆರವಣಿಗೆಗೆ ನಡೆಯುವ ಕುದುರೆಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಗಟ್ಟಿ ನೆಲದ ಪೆಟ್ಟು ನೇರವಾಗಿ ಕೀಲಿಗೆ ಹೋಗುತ್ತದೆ.

ಜೀನು ಎರಡನೆಯದು. ಜೀನು ಕೊನೆಯ ಪಕ್ಕೆಲುಬಿನಿಂದ ಹಿಂದಕ್ಕೆ ಹೋಗಬಾರದು, ಭುಜದ ಎಲುಬಿನ ಚಲನೆಗೆ ಅಡ್ಡಿಯಾಗಬಾರದು, ಸವಾರ ಕುಳಿತಾಗಲೂ ಹೆಗಲಿನ ಉಬ್ಬಿನ ಮೇಲೆ ಎರಡು ಮೂರು ಬೆರಳಿನ ಜಾಗ ಉಳಿಯಬೇಕು, ಬೆನ್ನೆಲುಬಿನ ಉದ್ದಕ್ಕೂ ನಡುವಿನ ಕಾಲುವೆ ತೆರೆದಿರಬೇಕು. ಕೆಲಸದ ನಂತರ ಜೀನು ತೆಗೆದು ಬೆವರಿನ ಗುರುತು ನೋಡಿ. ಸುತ್ತಲೂ ಒದ್ದೆಯಾಗಿ ನಡುವೆ ಒಣಗಿದ ತೇಪೆ ಇದ್ದರೆ ಅಲ್ಲಿ ಒತ್ತಡ ಹೆಚ್ಚಾಗಿದೆ ಎಂದು ಶಂಕಿಸಬೇಕು. ದಪ್ಪ ಹೊದಿಕೆ ಹಾಕಿ ಇಕ್ಕಟ್ಟಾದ ಜೀನನ್ನು ಸರಿಮಾಡಲಾಗದು, ಅದು ಇನ್ನೂ ಬಿಗಿಯಾಗುತ್ತದೆ. ಓಟ ಬಿಟ್ಟ ಕುದುರೆಯ ಬೆನ್ನಿನ ಆಕಾರ ಮೊದಲ ವರ್ಷದಲ್ಲಿ ತುಂಬ ಬದಲಾಗುವುದರಿಂದ ಮೂರು ತಿಂಗಳಿಗೊಮ್ಮೆ ಜೀನು ಪರೀಕ್ಷಿಸಬೇಕು. ಒಂದೇ ಜೀನನ್ನು ಹತ್ತು ಕುದುರೆಗಳಿಗೆ ಹಾಕುವ ಸವಾರಿ ಶಾಲೆಗಳ ರೂಢಿಯೇ ನಾನು ಕಂಡ ಬೆನ್ನುನೋವುಗಳಲ್ಲಿ ಎಷ್ಟೋ ನೋವುಗಳ ಮೂಲ.

ಹಲ್ಲುಗಳನ್ನು ವರ್ಷಕ್ಕೊಮ್ಮೆಯಾದರೂ ತೋರಿಸಬೇಕು. ಚೂಪಾದ ಅಂಚು ಕೆನ್ನೆಗೆ ಚುಚ್ಚುತ್ತಿದ್ದರೆ ಕುದುರೆ ಕಡಿವಾಣದಿಂದ ತಪ್ಪಿಸಿಕೊಳ್ಳಲು ಕುತ್ತಿಗೆ ಬಿಗಿಹಿಡಿಯುತ್ತದೆ, ಆ ಬಿಗಿತ ಬೆನ್ನಿಗೂ ಹರಡುತ್ತದೆ. ಹೊಟ್ಟೆಯ ಹುಣ್ಣನ್ನೂ ಮರೆಯುವಂತಿಲ್ಲ. ಹೆಚ್ಚು ಧಾನ್ಯ, ಕಡಿಮೆ ಹುಲ್ಲು ತಿಂದು ಬೆಳೆದ ರೇಸ್ ಕುದುರೆಗಳಲ್ಲಿ ಅದು ಸಾಮಾನ್ಯ, ಮತ್ತು ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು ಹುಣ್ಣಿನಿಂದಲೂ ಇರಬಹುದು. ಖಚಿತವಾಗಿ ತಿಳಿಯಲು ಎಂಡೋಸ್ಕೋಪಿ ಬೇಕು.

ಮೇವಿನ ವಿಷಯದಲ್ಲಿ ನಮ್ಮ ನಾಡಿಗೆ ವಿಶೇಷವಾದ ಎಚ್ಚರಿಕೆಯೊಂದಿದೆ. ಹಸುಗಳಿಗೆ ಬೆಳೆದ ನೇಪಿಯರ್ ಹುಲ್ಲನ್ನೇ ಕುದುರೆಗೂ ಹಾಕುವುದು, ಜೊತೆಗೆ ಬಕೆಟ್ ತುಂಬ ಗೋಧಿ ಬೂಸಾ ಕೊಡುವುದು ಅನೇಕ ಕಡೆ ನಡೆಯುತ್ತದೆ. ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಬಹುಮಟ್ಟಿಗೆ ಒಡೆಯಬಲ್ಲವು, ಕುದುರೆಗೆ ಆ ಅನುಕೂಲವಿಲ್ಲ. ಬೂಸಾದಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಅತ್ಯಲ್ಪ. ಎರಡೂ ಸೇರಿದಾಗ ದೇಹವು ಕ್ಯಾಲ್ಸಿಯಂ ಅನ್ನು ಮೂಳೆಗಳಿಂದಲೇ ಕಿತ್ತುಕೊಳ್ಳುತ್ತದೆ. ಮೊದಲು ಕಾಲಿಂದ ಕಾಲಿಗೆ ಬದಲಾಗುವ ಕುಂಟು, ಬೆನ್ನಿನ ಬಿಗಿತ, ಆಮೇಲೆ ಮುಖದ ಎಲುಬುಗಳು ಉಬ್ಬುವುದು. ಇಡೀ ಆಹಾರದಲ್ಲಿ ಕ್ಯಾಲ್ಸಿಯಂ ಪ್ರಮಾಣ ರಂಜಕದ ಒಂದೂವರೆಯಿಂದ ಎರಡು ಪಟ್ಟು ಇರುವುದು ಒಳ್ಳೆಯದು. ನೇಪಿಯರ್ ಅನ್ನು ಮುಖ್ಯ ಮೇವಾಗಿ ಬಳಸದೆ ಒಣಹುಲ್ಲು ಮತ್ತು ಲೂಸರ್ನ್ ಸೊಪ್ಪನ್ನು ಸೇರಿಸಿ, ಬೂಸಾವನ್ನು ಮಿತಗೊಳಿಸಿ. ಬೇಯಿಸಿದ ಹುರುಳಿ ಒಳ್ಳೆಯ ಪ್ರೋಟೀನ್ ಮೂಲವಾದರೂ ಅದು ಹುಲ್ಲಿಗೆ ಬದಲಿಯಲ್ಲ. ದೇಹತೂಕದ ಕನಿಷ್ಠ ಒಂದೂವರೆ ಶೇಕಡಾದಷ್ಟು ಒಣ ತೂಕದ ನಾರಿನ ಮೇವು, ಅಂದರೆ 450 ಕಿಲೋ ಕುದುರೆಗೆ ಸುಮಾರು ಏಳು ಕಿಲೋ, ದಿನವೂ ಸಿಗಬೇಕು; ಸುಮಾರು 25 ಗ್ರಾಂ ಉಪ್ಪು, ಯಾವಾಗಲೂ ಶುದ್ಧ ನೀರು ಇರಬೇಕು.

ಹಂತ 7: ಆಸ್ಟಿಯೋಪಥಿ, ಅದರ ಶಕ್ತಿ ಮತ್ತು ಮಿತಿ

ಆಸ್ಟಿಯೋಪಥಿಯನ್ನು ಮನುಷ್ಯರಿಗಾಗಿ ರೂಪಿಸಿದವರು ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್. ಅವರು 1874ರಲ್ಲಿ ತಮ್ಮ ವಿಚಾರವನ್ನು ಮುಂದಿಟ್ಟು 1892ರಲ್ಲಿ ಮಿಸ್ಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದರು. ಕುದುರೆಗಳಿಗೆ ಇದನ್ನು ಅಳವಡಿಸುವಲ್ಲಿ ಫ್ರಾನ್ಸಿನ ಪಶುವೈದ್ಯ ಡೊಮಿನಿಕ್ ಜಿನಿಯೋ ಅವರ ಹೆಸರು ಮುಖ್ಯವಾದದ್ದು.

ಚಿಕಿತ್ಸಕರು ಕೀಲುಗಳನ್ನು ಲಯಬದ್ಧವಾಗಿ ಅವುಗಳ ಸಹಜ ಮಿತಿಯೊಳಗೆ ಆಡಿಸುತ್ತಾರೆ, ಸ್ನಾಯುಗಳನ್ನು ನೀಳವಾಗಿ ಒತ್ತಿ ಸಡಿಲಿಸುತ್ತಾರೆ, ಕೆಲವೆಡೆ ಚಿಕ್ಕದಾದ ವೇಗದ ಒತ್ತು ಕೊಡುತ್ತಾರೆ. ಇದರಿಂದ ನೋವು ತಾತ್ಕಾಲಿಕವಾಗಿ ತಗ್ಗಿ ಬೆನ್ನಿನ ಚಲನೆ ಸುಧಾರಿಸಬಹುದು ಎನ್ನಲು ಕೆಲವು ಅಧ್ಯಯನಗಳ ಆಧಾರವಿದೆ. ಆದರೆ ಅವುಗಳಲ್ಲಿ ಹೆಚ್ಚಿನವು ಕೆಲವೇ ಕುದುರೆಗಳ ಮೇಲೆ ನಡೆದವು. ತಲೆಬುರುಡೆಯನ್ನು ಹಗುರವಾಗಿ ಹಿಡಿದು ಮಾಡುವ ಚಿಕಿತ್ಸೆಗೆ ಆಧಾರ ಇನ್ನೂ ದುರ್ಬಲ. ‘ಬೆನ್ನಿನ ಮೂಳೆ ಜಾಗ ತಪ್ಪಿತ್ತು, ಕೂರಿಸಿದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕುದುರೆಯ ಕಶೇರುಕಗಳು ದಪ್ಪ ಸ್ನಾಯು ಮತ್ತು ರಜ್ಜುಗಳ ಕೆಳಗೆ ಭದ್ರವಾಗಿವೆ. ನಿಜವಾಗಿ ಜಾಗ ತಪ್ಪಿದ್ದರೆ ಅದು ಕೈಯಿಂದ ಸರಿಹೋಗುವ ಸಂಗತಿಯೇ ಅಲ್ಲ. ಬದಲಾಗುವುದು ಸ್ನಾಯುವಿನ ಬಿಗಿತ ಮತ್ತು ನರಗಳ ಪ್ರತಿಕ್ರಿಯೆ.

ಭಾರತದಲ್ಲಿ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ಪಶುವೈದ್ಯ ವೃತ್ತಿ ನೋಂದಾಯಿತ ಪಶುವೈದ್ಯರಿಗೆ ಮೀಸಲು. ಬ್ರಿಟನ್ನಿನಲ್ಲೂ ಕುದುರೆಗೆ ಇಂತಹ ಕೈಚಿಕಿತ್ಸೆಯನ್ನು ಪಶುವೈದ್ಯರ ನಿರ್ದೇಶನದಲ್ಲೇ ಮಾಡಬೇಕೆಂಬ ನಿಯಮವಿದೆ. ಆದ್ದರಿಂದ ಚಿಕಿತ್ಸಕರು ಎಲ್ಲಿ ಕಲಿತಿದ್ದಾರೆ, ನಿಮ್ಮ ವೈದ್ಯರ ಜೊತೆ ಮಾತನಾಡಲು ಸಿದ್ಧರಿದ್ದಾರೆಯೇ ಎಂದು ಮೊದಲೇ ಕೇಳಿ. ಕುದುರೆಯ ಹಿನ್ನೆಲೆ ಕೇಳದೆ, ನಡೆಸಿ ನೋಡದೆ ನೇರವಾಗಿ ಕೈಹಾಕುವವರನ್ನು, ಮದ್ದು ನಿಲ್ಲಿಸಿ ಎನ್ನುವವರನ್ನು ದೂರವಿಡಿ. ಜ್ವರ, ಹೊಸ ಗಾಯ, ಎಲುಬು ಮುರಿತದ ಶಂಕೆ, ತೂರಾಟ, ಲ್ಯಾಮಿನೈಟಿಸ್ ಇದ್ದಾಗ ಈ ಚಿಕಿತ್ಸೆ ಮಾಡಿಸಲೇಬಾರದು.

ಚಿಕಿತ್ಸೆಯ ನಂತರ ಒಂದೆರಡು ದಿನ ಸವಾರಿ ಬಿಟ್ಟು, ಬಯಲಲ್ಲಿ ಓಡಾಡಲು ಬಿಡಿ ಅಥವಾ ಕೈಯಲ್ಲಿ ಹಿಡಿದು ನಡೆಸಿ. ಮೂರನೆಯ ದಿನ ಮತ್ತೆ ಹಂತ 3 ಮತ್ತು 4ರ ಪರೀಕ್ಷೆ ಮಾಡಿ ಬರೆದಿಡಿ. ಎರಡು ಮೂರು ಸಲ ಮಾಡಿಸಿದರೂ ಗೆಲುವು ಕಾಣದಿದ್ದರೆ, ಇಲ್ಲವೇ ಅದೇ ಜಾಗದಲ್ಲಿ ಬಿಗಿತ ಪದೇ ಪದೇ ಮರಳಿದರೆ ನಾಲ್ಕನೆಯ ಸಲಕ್ಕೆ ಹಣ ಕೊಡುವ ಬದಲು ವೈದ್ಯರ ಬಳಿಗೆ ಹಿಂದಿರುಗಿ. ಮೂಲ ಇನ್ನೂ ಸಿಕ್ಕಿಲ್ಲ.

ಹಂತ 8: ದಿನನಿತ್ಯದ ವ್ಯಾಯಾಮ

ಮನೆಯವರೇ ಮಾಡಬಹುದಾದ ಕೆಲಸಗಳಲ್ಲಿ ಕ್ಯಾರೆಟ್ ಹಿಡಿದು ಕುತ್ತಿಗೆ ಮತ್ತು ಬೆನ್ನನ್ನು ಚಾಚಿಸುವ ವ್ಯಾಯಾಮ ಅತ್ಯಂತ ಉಪಯುಕ್ತ. ನರೆಲ್ ಸ್ಟಬ್ಸ್ ಮತ್ತು ಹಿಲರಿ ಕ್ಲೇಟನ್ ಅವರ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಐದು ದಿನದಂತೆ ಮೂರು ತಿಂಗಳು ಈ ವ್ಯಾಯಾಮ ಮಾಡಿದ ಕುದುರೆಗಳಲ್ಲಿ ಬೆನ್ನೆಲುಬಿಗೆ ಅಂಟಿಕೊಂಡಿರುವ ಆಳದ ಸ್ನಾಯು ದಪ್ಪವಾಗಿತ್ತು. ಬೆನ್ನಿಗೆ ಸ್ಥಿರತೆ ಕೊಡುವುದು ಅದೇ ಸ್ನಾಯು.

ಕುದುರೆ ಸ್ವಲ್ಪ ನಡೆದು ಮೈ ಬೆಚ್ಚಗಾದ ಮೇಲೆ, ಜಾರದ ನೆಲದ ಮೇಲೆ, ಒಂದು ಪಕ್ಕ ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಿ. ಕ್ಯಾರೆಟ್ಟನ್ನು ಉದ್ದುದ್ದವಾಗಿ ಸೀಳಿಕೊಳ್ಳಿ; ಗುಂಡಗೆ ಕತ್ತರಿಸಿದರೆ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಮೊದಲು ಗಲ್ಲವನ್ನು ಎದೆಯ ಕಡೆಗೆ, ನಂತರ ಮಂಡಿಗಳ ನಡುವೆ, ಆಮೇಲೆ ಮುಂಗಾಲಿನ ಫೆಟ್‌ಲಾಕ್‌ಗಳ ನಡುವೆ ತರುವಂತೆ ಕ್ಯಾರೆಟ್ ತೋರಿಸಿ. ಬಳಿಕ ಬದಿಗೆ: ಜೀನಿನ ಪಟ್ಟಿಯ ಜಾಗಕ್ಕೆ, ಸೊಂಟದ ಎಲುಬಿನ ಕಡೆಗೆ, ಹಿಂಗಾಲಿನ ಹಾಕ್ ಕಡೆಗೆ. ಪ್ರತಿ ಭಂಗಿಯಲ್ಲಿ ಐದು ಸೆಕೆಂಡು, ಪ್ರತಿ ಬದಿಗೆ ಐದು ಸಲ. ಕುದುರೆ ಕಾಲು ಕಿತ್ತರೆ ನೀವು ಹೆಚ್ಚು ದೂರ ಕೇಳಿದ್ದೀರಿ ಎಂದರ್ಥ. ಕ್ಯಾರೆಟ್ಟನ್ನು ಹತ್ತಿರ ತನ್ನಿ. ಕಸಿದುಕೊಳ್ಳುವ ಆತುರದ ಚಲನೆಗೆ ಬೆಲೆಯಿಲ್ಲ, ನಿಧಾನವಾದ ಚಲನೆಯೇ ಸ್ನಾಯುವಿಗೆ ಕೆಲಸ ಕೊಡುತ್ತದೆ. ಎರಡು ಬದಿಯ ನಡುವಿನ ವ್ಯತ್ಯಾಸವನ್ನು ಬರೆದಿಡಿ.

ಹೊಟ್ಟೆ ಎತ್ತಿಸುವ ವ್ಯಾಯಾಮದಲ್ಲಿ ಭುಜದ ಪಕ್ಕದಲ್ಲಿ, ಹಿಂಗಾಲಿನ ಒದೆತ ತಲುಪದಂತೆ ನಿಂತು, ಜೀನಿನ ಪಟ್ಟಿಯ ಜಾಗದಲ್ಲಿ ಎದೆಯೆಲುಬಿನ ನಡುಗೆರೆಯ ಮೇಲೆ ಬೆರಳುಗಳಿಂದ ಮೇಲಕ್ಕೆ ಒತ್ತಬೇಕು. ಬೆನ್ನು ಮೇಲೇಳುವುದು ಕಣ್ಣಿಗೆ ಕಾಣುತ್ತದೆ. ಐದು ಸೆಕೆಂಡು ಹಿಡಿದು ನಿಧಾನವಾಗಿ ಬಿಡಿ. ಕಚ್ಚುವ ಅಭ್ಯಾಸವಿರುವ ಕುದುರೆಗೆ ಹುಣ್ಣಿನ ಪರೀಕ್ಷೆಯಾಗುವವರೆಗೆ ಇದು ಬೇಡ.

ಕಾಲಿಗೆ ಹೊಸ ಊತ ಬಂದಿದ್ದರೆ ವೈದ್ಯರು ಬರುವವರೆಗೆ ತಣ್ಣೀರನ್ನು 15ರಿಂದ 20 ನಿಮಿಷ ಹರಿಸಿ, ದಿನಕ್ಕೆ ಮೂರು ನಾಲ್ಕು ಸಲ. ಹಳೆಯ ಸ್ನಾಯು ಬಿಗಿತಕ್ಕೆ ಬೆಚ್ಚನೆಯ ಒದ್ದೆ ಬಟ್ಟೆ ಹಿತ. ಅದು ನಿಮ್ಮ ಮುಂಗೈಗೆ ಸಹಿಸುವಷ್ಟೇ ಬಿಸಿ ಇರಲಿ.

ಹಂತ 9: ಸವಾರಿಗೆ ಮರಳುವುದು

ಓಟ ಬಿಟ್ಟು ಬಂದ ಕುದುರೆಗೆ ಮೊದಲ ಒಂದೆರಡು ತಿಂಗಳು ಸವಾರಿ ಇಲ್ಲದ ಬಿಡುವು ಕೊಡಿ. ದಿನದ ಹೆಚ್ಚಿನ ಹೊತ್ತು ಬಯಲಲ್ಲಿರಲಿ, ಮೇವನ್ನು ನೆಲದ ಮಟ್ಟದಲ್ಲಿ ಹಾಕಿ. ತಲೆ ತಗ್ಗಿಸಿ ನಿಧಾನವಾಗಿ ನಡೆಯುತ್ತ ತಿನ್ನುವುದೇ ಬೆನ್ನಿಗೆ ಅತ್ಯುತ್ತಮ ಚಿಕಿತ್ಸೆ. ನಂತರ ಮೂರ್ನಾಲ್ಕು ವಾರ ಕೈಯಲ್ಲಿ ಹಿಡಿದು ನಡಿಗೆ, 15 ನಿಮಿಷದಿಂದ 40 ನಿಮಿಷಕ್ಕೆ ಏರಿಸುತ್ತ ಹೋಗಿ. ನೆಲದ ಮೇಲೆ ಮೂರು ನಾಲ್ಕು ಮರದ ಗಳುಗಳನ್ನು ಸುಮಾರು 80ರಿಂದ 90 ಸೆಂಟಿಮೀಟರ್ ಅಂತರದಲ್ಲಿಟ್ಟು ನಡೆಸಿದರೆ ಹಿಂಗಾಲುಗಳನ್ನು ಎತ್ತಿ ಇಡುವುದನ್ನು ಕಲಿಯುತ್ತದೆ. ಅಂತರವನ್ನು ನಿಮ್ಮ ಕುದುರೆಯ ಹೆಜ್ಜೆಗೆ ಹೊಂದಿಸಿ. ಇಳಿಜಾರು ಏರುವುದು ಒಳ್ಳೆಯದು, ಇಳಿಯುವುದನ್ನು ಮಿತವಾಗಿರಿಸಿ. ಚಿಕ್ಕ ವೃತ್ತದಲ್ಲಿ ಹಗ್ಗ ಹಿಡಿದು ಓಡಿಸುವುದು ಈ ಹಂತದಲ್ಲಿ ಬೇಡ. ಒಳಬದಿಯ ಕೀಲುಗಳ ಮೇಲೆ ಭಾರ ಹೆಚ್ಚುತ್ತದೆ.

ಸವಾರಿ ಆರಂಭಿಸಿದಾಗ ಮೊದಲ ವಾರಗಳಲ್ಲಿ 20 ನಿಮಿಷ, ಅದರಲ್ಲಿ ಬಹುಪಾಲು ನಡಿಗೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ 15 ಶೇಕಡಾ ದಾಟದಿರಲಿ. ಬೆನ್ನು ಗಟ್ಟಿಯಾದ ಮೇಲೂ 20 ಶೇಕಡಾ ಮೀರಬಾರದು. ನೆಲದಿಂದ ರಿಕಾಬಿಗೆ ಕಾಲಿಟ್ಟು ಹತ್ತಿದರೆ ಹೆಗಲಿನ ಉಬ್ಬು ಮತ್ತು ಬೆನ್ನು ಒಂದು ಬದಿಗೆ ತಿರುಚಿದಂತಾಗುತ್ತದೆ. ಎತ್ತರದ ಕಟ್ಟೆ ಬಳಸಿ. ಕಲಬುರಗಿಯಂತಹ ಬಿಸಿಲಿನ ಊರಿನಲ್ಲಿ ಸೂರ್ಯ ಏರುವ ಮೊದಲೇ ಕೆಲಸ ಮುಗಿಸಿ.

ಪ್ರತಿ ವಾರ ಒಂದೇ ಅಂಶವನ್ನು ಹೆಚ್ಚಿಸಿ: ಹೊತ್ತು, ವೇಗ, ಇಲ್ಲವೇ ಕಷ್ಟ. ಮರುದಿನ ಬೆಳಿಗ್ಗೆಯ ಕೈಪರೀಕ್ಷೆಯಲ್ಲಿ ಹೊಸ ಬಿಗಿತ ಸಿಕ್ಕರೆ ಹಿಂದಿನ ವಾರದ ಮಟ್ಟಕ್ಕೆ ಇಳಿಸಿ, ಅದು ಮೂರು ದಿನದಲ್ಲಿ ಹೋಗದಿದ್ದರೆ ಸವಾರಿ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ದಿನಾಂಕ, ಕೆಲಸದ ಹೊತ್ತು, ಕೈಗೆ ಸಿಕ್ಕ ಬಿಗಿತದ ಜಾಗ, ಲಾಳ ಬದಲಿಸಿದ ದಿನ, ಕೊಟ್ಟ ಮದ್ದು ಇವನ್ನು ಒಂದೇ ನೋಟ್‌ಬುಕ್‌ನಲ್ಲಿ ಬರೆದು ಲಾಯದಲ್ಲೇ ತೂಗುಹಾಕಿ. ಪಶುವೈದ್ಯರು, ಲಾಳ ಕಟ್ಟುವವರು, ಚಿಕಿತ್ಸಕರು ಬಂದಾಗ ಪ್ರತಿಯೊಬ್ಬರೂ ಅದನ್ನು ಓದಿಯೇ ಕುದುರೆಯನ್ನು ಮುಟ್ಟುವಂತೆ ನೋಡಿಕೊಳ್ಳಿ.